ಸ್ವರ ಒಡೆಯುವ ಜಾಗ

ಪೋಂ... ಪೋಂ, ಪೋಂ. ಕಾಣಿಯೂರಿನ ರೈಲು ಹಳಿಯ ಆಚೆ, ರಸ್ತೆ ತಿರುಗುವಲ್ಲಿ, ರಬ್ಬರ್ ಉಂಡೆಯ ಹಾರ್ನೊಂದು ಕೂಗಿತು. ಒಮ್ಮೆ ಉದ್ದಕ್ಕೆ, ಆಮೇಲೆ ಎರಡು ಸಲ ಗಿಡ್ಡಕ್ಕೆ. ಮೀನಿನವರು ಬಂದಿದ್ದಾರೆ ಎಂದು ಯಾರಿಗೂ ಗೊತ್ತಾಗುವ ಸದ್ದು. ಆದರೂ ಒಬ್ಬರೂ ಪಾತ್ರೆ ಹಿಡಿದುಕೊಂಡು ಹೊರಗೆ ಬರಲಿಲ್ಲ. ಬಂದದ್ದು ಸೇವಂತಿಯ ಮನೆಯ ಬೆಕ್ಕು ಮಾತ್ರ. ಅದಕ್ಕೆ ಸದ್ದು ಬೇಕಿರಲಿಲ್ಲ.

ಮಮ್ಮು ಸ್ಕೂಟರನ್ನು ಒಂದು ಕಾಲಿನ ಮೇಲೆ ನಿಲ್ಲಿಸಿಕೊಂಡು ಇನ್ನೊಮ್ಮೆ ಉಂಡೆ ಹಿಚುಕಿದ. ಹದಿನೈದು ವರ್ಷಕ್ಕೂ ಮೇಲಾಯಿತು, ಈ ಮನೆಗಳನ್ನೆಲ್ಲ ಅವನು ಬರೀ ಗಂಟಲಿನಿಂದ ಎಬ್ಬಿಸುತ್ತಿದ್ದ. "ಬಂಗುಡೇ... ಬೂತಾಯೀ..." ಎಂದು ಗುಡ್ಡದ ಬುಡದಲ್ಲಿ ಹಿಡಿದ ಸ್ವರವನ್ನು ಮೇಲಿನ ಕೊನೆಯ ಮನೆಯ ಬಾಗಿಲಲ್ಲಿ ಬಿಡುತ್ತಿದ್ದ. ಬೇರೆ ಮೀನಿನವರು ಹಾರ್ನ್ ಕಟ್ಟಿಸಿಕೊಂಡಾಗ ನಕ್ಕಿದ್ದ. "ಹಾರ್ನಿಗೆ ಮೀನಿನ ಹೆಸರು ಗೊತ್ತುಂಟಾ?" ಎಂದು ಕೇಳಿದ್ದ.

ಈಗ ಸೇವಂತಿ ಅಡುಗೆಮನೆಯ ಕಿಟಕಿಯೊಳಗಿನಿಂದ ಸೊಸೆಗೆ ಹೇಳುವುದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. "ಅದು ಬೇರೆ ಯಾರೋ ಭವಿತಾ. ಹೋಗ್ಬೇಡ. ನಮ್ಗೆ ಮಮ್ಮು ಬ್ಯಾರಿ ಬರ್ತಾರೆ."

ನಾನೇ ಮಾರಾಯ್ತಿ, ಎನ್ನಲು ಬಾಯಿ ತೆರೆದ. ಮುಚ್ಚಿದ. ಕಟ್ಟಿಹಾಕಿದ ಕರುವಿನಂತೆ ಮಾತು ಗಂಟಲಲ್ಲೇ ಒಂದು ಸುತ್ತು ಬಂತು. ಕೊನೆಗೆ ಬೆಕ್ಕನ್ನು ಹಿಂದಿಟ್ಟುಕೊಂಡು ಅಂಗಳಕ್ಕೇ ಹೋಗಿ, ತಕ್ಕಡಿಯ ತಟ್ಟೆಯಿಂದ ಬಟ್ಟೆ ಒಗೆಯುವ ಕಲ್ಲಿಗೆ ಎರಡು ಬಡಿದ.

"ಅಯ್ಯೋ, ನೀವಾ!" ಸೇವಂತಿ ಹೊರಗೆ ಬಂದಳು. "ಎಂತ ಸಾಯ್ಬ್ರೆ, ಬಾಯಿಗೆ ಬೀಗ ಹಾಕಿದ್ದಾ? ಹೆಂಡತಿ ಬೈದ್ರಾ?"

ಮಮ್ಮು ಮೀನಿನ ಪೆಟ್ಟಿಗೆಯ ಮುಚ್ಚಳ ತೋರಿಸಿದ. ಅವನ ಹೆಂಡತಿ ಮೈಮೂನಾ ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ಮಾತಿಲ್ಲ. ಮೀನುಂಟು.

ಸೇವಂತಿ ಅದನ್ನು ಎರಡು ಸಲ ಓದಿದಳು. "ಮೌನವ್ರತವಾ? ನಿಮ್ಮಲ್ಲೂ ಉಂಟಾ ಅದು?" ಅವನು ಗಂಟಲು ಮುಟ್ಟಿ, ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡಂತೆ ಮಾಡಿ ತೋರಿಸಿದ ಮೇಲೆ ಅವಳ ಮುಖದ ನಗೆ ಇಳಿಯಿತು. ಹತ್ತಿರ ಬಂದು, ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ ಪಿಸುದನಿಯಲ್ಲಿ ಕೇಳಿದಳು. "ಬಂಗುಡೆ ತಾಜಾ ಉಂಟಾ?"

ಅಂದು ದಾರಿಯುದ್ದಕ್ಕೂ ಹಾಗೆಯೇ ಆಯಿತು. ಮಾತಾಡಬಾರದವನ ಹತ್ತಿರ ಅರ್ಧ ಊರು ಪಿಸುಗುಟ್ಟಿತು. ಉಳಿದರ್ಧ, ಅವನಿಗೆ ಕಿವಿ ಕೇಳುವುದಿಲ್ಲವೆಂಬಂತೆ ಕಿರುಚಿತು. ಕಿರುಚಿದವರು ಕೊನೆಗೆ ಕೇಳಿದ್ದೆಲ್ಲ ಒಂದೇ. "ಹಾಡುದಾ? ಹಾಡು ಹೋಯ್ತಾ ಹಾಗಾದ್ರೆ?"

ಸಂಜೆ ಮದುವೆಮನೆಗಳಲ್ಲಿ ಹಾಡುತ್ತಿದ್ದ ಮಮ್ಮು ತಕ್ಕಡಿ ಎತ್ತಿಕೊಂಡು ಮುಂದಿನ ಮನೆಗೆ ಹೊರಟ.

ಸುಮ್ಮನಿರುವುದು ಮಮ್ಮುವಿಗೆ ಹುಟ್ಟಿನಿಂದಲೇ ಬಂದದ್ದಲ್ಲ. ಅವನ ತಾಯಿ ಹವ್ವಮ್ಮ ಹೇಳುತ್ತಿದ್ದಳು, ಕಡಬದಿಂದ ಪುತ್ತೂರಿನ ಆಸ್ಪತ್ರೆಗೆ ಹೊರಟ ಜೀಪು ಉಪ್ಪಿನಂಗಡಿಯ ಸೇತುವೆ ದಾಟುವಷ್ಟರಲ್ಲಿ ಇವನು ಹುಟ್ಟಿಯಾಗಿತ್ತು ಎಂದು. "ಆಚೆ ದಡದವರೆಗೆ ಕಾಯ್ಲಿಕ್ಕೆ ಎಂತ ಆಗಿತ್ತು ಇವನಿಗೆ?" ಆಮೇಲೂ ಅವನು ಯಾವ ದಡದಲ್ಲೂ ಕಾಯಲಿಲ್ಲ. ಪ್ಲೈವುಡ್ ಮಿಲ್ಲಿನಲ್ಲಿ ಒಂದು ಮಳೆಗಾಲ, ಸಂಪಾಜೆ ದಾರಿಯ ಬಸ್ಸಿನ ಬಾಗಿಲಲ್ಲಿ ಕ್ಲೀನರಾಗಿ ಎರಡು ಬೇಸಿಗೆ, ಆಮೇಲೆ ಗಲ್ಫಿನ ಅಜ್ಮಾನಿನಲ್ಲಿ ಲಾಂಡ್ರಿಯ ವ್ಯಾನು. ಕೂತಲ್ಲಿ ಅವನ ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು.

ಅಜ್ಮಾನಿನ ಕೋಣೆಯಲ್ಲಿ ಅವನ ಮೇಲಿನ ಮಂಚದಲ್ಲಿ ಬಿಹಾರದ ಕಡೆಯ ಒಬ್ಬ ಮುದುಕ ದರ್ಜಿ ಇದ್ದ. ಶುಕ್ರವಾರ ಮಧ್ಯಾಹ್ನದ ನಮಾಝು ಮುಗಿದ ಮೇಲೆ ಅವನು ಹಾರ್ಮೋನಿಯಂ ಇಳಿಸುತ್ತಿದ್ದ. ಊರಿನಲ್ಲಿ ಮದುವೆ ಮನೆಯ ಚಪ್ಪಾಳೆ ಹಾಡು ಮಾತ್ರ ಕೇಳಿದ್ದ ಮಮ್ಮುವಿಗೆ ಗಝಲ್ ಎಂಬುದು ಮೊದಲು ತಾಗಿದ್ದು ಅಲ್ಲಿ. ಎರಡೇ ಸಾಲು. ಮೊದಲನೆಯದರಲ್ಲಿ ಬಾಗಿಲು ತೆರೆಯುವುದು, ಎರಡನೆಯದರಲ್ಲಿ ಒಳಗೆ ಕರೆಯುವುದು. ಅವನು ಬೇಗ ಕಲಿತ. ಅತಿ ಬೇಗ ಎಂದು ದರ್ಜಿಗೆ ಸಿಟ್ಟು.

"ನೀನು ಎರಡನೇ ಸಾಲಿಗೆ ಓಡುತ್ತೀಯ" ಎನ್ನುತ್ತಿದ್ದ. "ಮೊದಲನೆಯದನ್ನು ಹೇಳಿ ನಿಲ್ಲಬೇಕು. ಕೇಳುವವನು ಎದ್ದು ನಿನ್ನ ಹತ್ತಿರ ನಡೆದು ಬರುವವರೆಗೆ ನಿಲ್ಲಬೇಕು."

"ಹೇಗೆ ನಿಲ್ಲುವುದು?"

"ಅದನ್ನು ಕಲಿಸಲಿಕ್ಕಾಗುವುದಿಲ್ಲ."

ಆ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗಂಟಲಲ್ಲಿ ತುಂಬಿಕೊಂಡು ಅವನು ಊರಿಗೆ ಮರಳಿದ. ಬೆಳಿಗ್ಗೆ ಉಪ್ಪಿನಂಗಡಿಗೆ ಹೋಗಿ ಮೀನು ತರುವುದು, ಮಧ್ಯಾಹ್ನದವರೆಗೆ ಕಾಣಿಯೂರಿನಿಂದ ಕಡಬದವರೆಗೆ ಗುಡ್ಡಗುಡ್ಡಕ್ಕೆ ಕೂಗಿ ಮಾರುವುದು, ಸಂಜೆ ಸಾಬೂನು ಹಚ್ಚಿ ಉಜ್ಜಿ ಉಜ್ಜಿ ಸ್ನಾನ ಮಾಡಿ, ಅತ್ತರು ಹಾಕಿಕೊಂಡು, ಯಾರದಾದರೂ ಮದುವೆಯ ಮುನ್ನಾದಿನ ಹಾರ್ಮೋನಿಯಂ ಎದುರು ಕೂರುವುದು. ಜನ ಕೇಳುತ್ತಿದ್ದರು. ಕೇಳುತ್ತ ಬಿರಿಯಾನಿ ತಿನ್ನುತ್ತಿದ್ದರು. ಚೆಂದ ಉಂಟು ಎನ್ನುತ್ತಿದ್ದರು. ಅಷ್ಟೆ.

ಅವನ ಹೆಸರು ಊರಿನಿಂದ ಆಚೆ ಹೋದದ್ದು ಅವನ ಸ್ವರ ಒಡೆದ ದಿನ.

ಅದು ಕಡಬದ ಒಂದು ಮದುವೆ. ಬೆಳಿಗ್ಗೆ ಮಳೆಗೆ ಮೀರಿ ಕೂಗಿ ಗಂಟಲು ಕೆಟ್ಟಿತ್ತು. ಮೇಲಿನ ಸ್ವರಕ್ಕೆ ಏರುವಾಗ ಒಮ್ಮೆಲೇ ದನಿ ಎರಡಾಗಿ ಸೀಳಿ, ನಡುವೆ ಬರೀ ಉಸಿರು ಉಳಿಯಿತು. ಹಳೆಯ ಕಾಲುಸಂಕದಲ್ಲಿ ಒಂದು ಹಲಗೆ ಇಲ್ಲದ ಹಾಗೆ. ಮಮ್ಮುವಿಗೆ ಮುಖ ಎತ್ತಲಾಗಲಿಲ್ಲ. ಎದ್ದು ಹೋಗೋಣವೆಂದು ಮೊಣಕಾಲೂರಿದ್ದ. ಅಷ್ಟರಲ್ಲಿ ಮುಂದೆ ಕೂತಿದ್ದ ಒಬ್ಬ ಮುದುಕ ತೊಡೆಗೆ ಬಡಿದುಕೊಂಡು ಕೂಗಿದ. "ಒಡೆಯಿತು ಮಾರಾಯ! ಒಡೆಯಿತು!" ತಲೆ ಎತ್ತಿ ನೋಡಿದರೆ ಬಿರಿಯಾನಿ ತಟ್ಟೆಗಳು ನೆಲದ ಮೇಲಿದ್ದವು. ಎರಡು ಮೂರು ಜನ ಕಣ್ಣೊರಸಿಕೊಳ್ಳುತ್ತಿದ್ದರು.

ಅಂದಿನಿಂದ ಅದೇ ರೂಢಿಯಾಯಿತು. ಬೇರೆಡೆ ಗಝಲಿಗೆ ವಾಹ್ ಎನ್ನುತ್ತಾರೆ. ಮಮ್ಮುವಿನ ಹಾಡಿಗೆ ಮಾತ್ರ, ಆ ಜಾಗ ಬಂದಾಗ, ತೊಡೆ ತಟ್ಟಿ "ಒಡೆಯಿತು!" ಎನ್ನುತ್ತಾರೆ. ಸುಳ್ಯದ ತ್ಯಾಂಪಣ್ಣ ಗೌಡರು, ಜಮೀನಿನ ಕೆಲಸದ ನಡುವೆಯೂ ಕನ್ನಡದಲ್ಲಿ ಗಝಲ್ ಬರೆಯುವವರು, ಅವನನ್ನು ಕರೆಸಿ ತಮ್ಮ ಸಾಲುಗಳನ್ನು ಹಾಡಿಸಿದರು. ಪುತ್ತೂರಿನ ಒಂದು ಬ್ಯಾನರಿನಲ್ಲಿ "ಒಡೆದ ಸ್ವರದ ಗಾಯಕ" ಎಂದು ಹಾಕಿದರು. ವರ್ಷ ಹೋದ ಹಾಗೆ ಒಡಕು ಬೇಗ ಬೇಗ ಬರತೊಡಗಿತು. ಮೊದಲು ಮೇಲಿನ ಸ್ವರದಲ್ಲಿ, ಆಮೇಲೆ ಮಧ್ಯದಲ್ಲಿ, ಕೊನೆಗೆ ಮೀನು ಕೂಗುವಾಗಲೂ. ಜನ ತೊಡೆ ತಟ್ಟುತ್ತಿದ್ದರು.

ಮೈಮೂನಾ ಒಮ್ಮೆಯೂ ಒಡೆಯಿತು ಎನ್ನಲಿಲ್ಲ. ಕಾಳುಮೆಣಸಿನ ಕಷಾಯ ಮಾಡಿ ಕೊಡುತ್ತಿದ್ದಳು.

ಪುತ್ತೂರಿನ ಗಂಟಲಿನ ಡಾಕ್ಟರು ಅವನ ಬಾಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಟೀವಿಯಂಥದರಲ್ಲಿ ತೋರಿಸಿದರು. ಎರಡು ಬಿಳಿ ಪದರಗಳು ಸೇರುತ್ತಿದ್ದವು, ಬಿಡುತ್ತಿದ್ದವು. ನಡುವೆ ಒಂದು ಗಂಟು. "ಗುದ್ದಲಿ ಹಿಡಿಯುವವರ ಅಂಗೈಯಲ್ಲಿ ದಡ್ಡು ಕಟ್ಟುದಿಲ್ವಾ, ಅಂಥದ್ದೇ" ಎಂದರು ಆಕೆ. "ಕೂಗಿ ಕೂಗಿ ಬಂದದ್ದು."

"ಹಾಡುವಾಗ ಒಡೆಯುದು?"

"ಇದರಿಂದಲೇ."

"ತೆಗೆದ್ರೆ?"

"ಒಡೆಯುದಿಲ್ಲ."

"ತೆಗೆಯದಿದ್ರೆ?"

"ಒಂದು ದಿನ ಒಡೆಯಲಿಕ್ಕೂ ಸ್ವರ ಇರುದಿಲ್ಲ ನಿಮ್ಗೆ." ಆಮೇಲೆ ಸ್ವಲ್ಪ ಮೆತ್ತಗೆ ಸೇರಿಸಿದರು. "ಮನೆಗೆ ಹೋಗಿ ಯೋಚನೆ ಮಾಡಿ. ಅಲ್ಲಿವರೆಗೆ ಒಂದು ಮಾತೂ ಬೇಡ. ಪಿಸುಮಾತೂ ಬೇಡ."

ಯೋಚನೆ ಮಾಡುವುದೆಂದರೆ ಮಮ್ಮುವಿಗೆ ನಡೆಯುವುದು. ಮನೆಯ ಜಗುಲಿಯಲ್ಲಿ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಹೊರಗೆ ರೈಲು ಹೋದರೆ ಅದರ ಜೊತೆ ಹೊರಟವನಂತೆ ಅಂಗಳದ ಕೊನೆಯವರೆಗೆ ಹೋಗಿ ನಿಲ್ಲುವುದು. ಜನ ಪ್ರೀತಿಸಿದ್ದು ಗಂಟನ್ನು. ಗಂಟು ತೆಗೆದರೆ ಉಳಿಯುವವನು ಯಾರು? ಬಿರಿಯಾನಿ ತಿನ್ನುತ್ತ ಕೇಳಬಹುದಾದ ಇನ್ನೊಬ್ಬ. ತೆಗೆಯದಿದ್ದರೆ ಅವನೂ ಇಲ್ಲ. ಈ ಮಾತನ್ನು ಯಾರ ಹತ್ತಿರವಾದರೂ ಆಡಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಆಡುವಂತಿರಲಿಲ್ಲ.

ಮೈಮೂನಾ ಅಕ್ಕಿ ಕೇರುತ್ತ ಅವನ ಕಾಲುಗಳನ್ನೇ ನೋಡುತ್ತಿದ್ದಳು. "ಕೂತ್ಕೊಳ್ಳಿ ಒಮ್ಮೆ" ಎಂದಳು. ಅವನು ಕೂರಲಿಲ್ಲ. "ಒಂದು ಹೇಳ್ತೇನೆ. ಈಗ ನೀವು ನಡುವೆ ಬಾಯಿ ಹಾಕ್ಲಿಕ್ಕಾಗುದಿಲ್ಲ, ಅದಕ್ಕೇ ಹೇಳುದು. ನಾನು ಮದುವೆಯಾದಾಗ ನಿಮ್ಮ ಸ್ವರ ಒಡೀತಿರ್ಲಿಲ್ಲ."

ಅವನು ನಿಂತ.

"ಮನೆಯಲ್ಲಿ ಹಾಡುವಾಗ ಅದು ಒಡೆದಾಗೆಲ್ಲ ನಿಮ್ಗೆ ನೋವಾಗ್ತದೆ ಅಂತ ನನ್ಗೆ ಕಾಣುದು. ಜನ ಅದಕ್ಕೆ ತೊಡೆ ತಟ್ಟುದು ಹೇಗೆ ಅಂತ ನನ್ಗೆ ಇವತ್ತಿನವರೆಗೆ ಗೊತ್ತಾಗ್ಲಿಲ್ಲ." ಗೆರಸೆಯನ್ನು ಒಮ್ಮೆ ಜೋರಾಗಿ ಕೊಡವಿದಳು. "ನಂಗೆ ಆ ಮೊದಲಿನದ್ದು ಬೇಕು. ಒಮ್ಮೆ ಕೇಳಿದ್ರೆ ಸಾಕು."

ಅವನು ಮತ್ತೆ ನಡೆಯತೊಡಗಿದ.

ಆ ವಾರ ಉಪ್ಪಿನಂಗಡಿಯ ಒಂದು ಮದುವೆಯಲ್ಲಿ ಅವನು ಹಾಡಬೇಕಿತ್ತು. ಬದಲಿಗೆ ಜಾಸಿರ್ ಹಾಡುತ್ತಾನೆ ಎಂದು ಗೊತ್ತಾಯಿತು. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ, ತಲೆಗೂದಲನ್ನು ಎತ್ತಿ ಬಾಚುವ ಯುವಕ. ಅವನಿಗೆ ಹಾರ್ಮೋನಿಯಂ ಬೇಡ, ಪೆನ್‌ಡ್ರೈವ್ ಸಾಕು. ಹೋಗುವುದಿಲ್ಲ ಎಂದುಕೊಂಡಿದ್ದ ಮಮ್ಮು ಸಂಜೆಯಾಗುವಾಗ ಹೆದ್ದಾರಿ ಬದಿಯ ಆ ಮದುವೆ ಮಂಟಪದ ಹಿಂದಿನ ಬಾಗಿಲಲ್ಲಿ, ಕೈತೊಳೆಯುವ ನಲ್ಲಿಗಳ ಹತ್ತಿರ ನಿಂತಿದ್ದ.

ಜಾಸಿರ್ ಚೆನ್ನಾಗಿಯೇ ಹಾಡಿದ. ಮೊದಲ ಸಾಲು ಹೇಳಿದ, ತಿರುಗಿ ಹೇಳಿದ. ಮೇಲಕ್ಕೆ ಏರಿದ. ಏರಿ, ಸರಿಯಾಗಿ ಆ ಜಾಗದಲ್ಲಿ, ಒಡೆದ.

ಮಮ್ಮುವಿನ ಕೈ ಅರಿವಿಲ್ಲದೆ ತನ್ನ ಗಂಟಲಿಗೆ ಹೋಯಿತು. ಆ ಸೀಳು, ನಡುವಿನ ಉಸಿರು, ಆಮೇಲೆ ದಾರದ ತುದಿಯಂತೆ ಮತ್ತೆ ಸಿಗುವ ಸ್ವರ, ಎಲ್ಲ ಹಾಗೆಯೇ. ಒಡೆಯುವ ಮೊದಲು ಅವನು ಎಡಕ್ಕೆ ಸ್ವಲ್ಪ ಕತ್ತು ವಾಲಿಸುವುದೂ ಹಾಗೆಯೇ. ತಾನು ಹಾಗೆ ವಾಲಿಸುತ್ತೇನೆಂದು ಮಮ್ಮುವಿಗೆ ಗೊತ್ತೇ ಇರಲಿಲ್ಲ.

"ಒಡೆಯಿತು!" ಎಂದಿತು ಇಡೀ ಮಂಟಪ.

ಹಾಡು ಮುಗಿದು ಕೈತೊಳೆಯಲು ಬಂದ ಜಾಸಿರ್ ಅವನನ್ನು ಕಂಡು ಓಡಿ ಬಂದ. "ಮಮ್ಮುಚ್ಚಾ! ನೀವು ಬಂದದ್ದಾ? ಸರಿ ಬಂತಾ ಆ ಜಾಗ? ನಿಮ್ಮ ವೀಡಿಯೋ ಹಾಕಿ ಹಾಕಿ ಕಲ್ತದ್ದು. ನಾನು ಗಂಟಲನ್ನು ಹೀಗೆ ಬಿಗಿ ಹಿಡಿದು ಒಮ್ಮೆಲೇ ಬಿಡುದು. ನೀವು ಹೇಗೆ ಮಾಡುದು?"

ಹದಿನೈದು ಮಳೆಗಾಲ ಗುಡ್ಡಕ್ಕೆ ಬಂಗುಡೆ ಎಂದು ಕೂಗು, ತಾನಾಗಿ ಬರುತ್ತದೆ. ಹೀಗೆ ಹೇಳಬೇಕೆನಿಸಿ ಮಮ್ಮುವಿಗೆ ನಗು ಬಂತು. ಸದ್ದಿಲ್ಲದ ನಗು. ಭುಜಗಳಷ್ಟೇ ಅಲುಗಿದವು. ಜಾಸಿರ್ ಅದನ್ನು ಮೆಚ್ಚುಗೆಯೆಂದೇ ತಿಳಿದು ಅವನ ಎರಡೂ ಕೈ ಹಿಡಿದುಕೊಂಡ. ಕಲಿತರೆ ಬರುವುದಾದರೆ ಅದು ತನ್ನದು ಹೇಗಾಯಿತು ಎಂಬ ಒಂದೇ ಮಾತು, ಸ್ಕೂಟರಿನಲ್ಲಿ ಮನೆ ಮುಟ್ಟುವವರೆಗೂ ಅವನ ತಲೆಯಲ್ಲಿ ತಿರುಗುತ್ತಿತ್ತು. ಮನೆಗೆ ಬಂದವನು ಮೈಮೂನಾಳ ಎದುರು ನಿಂತು ಗಂಟಲಿನಿಂದ ಏನನ್ನೋ ಕಿತ್ತು ಹೊರಗೆಸೆದಂತೆ ಕೈ ಮಾಡಿದ.

ಅವಳಿಗೆ ಅರ್ಥವಾಯಿತು. ಆಸ್ಪತ್ರೆಗೆ ಒಯ್ಯುವ ಚೀಲವನ್ನು ಅವಳು ಮೊದಲೇ ತುಂಬಿಟ್ಟಿದ್ದಳು.

ಗಂಟು ತೆಗೆದ ಮೇಲೆ ಮತ್ತೆ ಮೌನ. ಮನೆಗೆ ಕಳಿಸುವಾಗ ಡಾಕ್ಟರು ಒಂದನ್ನೇ ತಿರುತಿರುಗಿ ಹೇಳಿದರು. ಕೂಗಬೇಡಿ, ಗಂಟಲು ಬಿಗಿ ಹಿಡಿಯಬೇಡಿ, ಹಿಡಿದರೆ ಅದೇ ಜಾಗದಲ್ಲಿ ಇನ್ನೊಂದು ಬರುತ್ತದೆ. ಮಾತಾಡಬಹುದು ಎಂದ ದಿನ ಮಮ್ಮು ಏನು ಹೇಳಬೇಕೆಂದು ತೋಚದೆ, ಬೆಳಗಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಚಾ ಉಂಟಾ?" ಎಂದ.

ಒಲೆಯ ಹತ್ತಿರವಿದ್ದ ಮೈಮೂನಾ ಗಕ್ಕನೆ ತಿರುಗಿ ಸೆರಗು ತಲೆಗೆಳೆದುಕೊಂಡಳು. ಯಾರೋ ಹೊರಗಿನವರು ಬಂದರೆಂದುಕೊಂಡಿದ್ದಳು. ಆಮೇಲೆ ಇಬ್ಬರೂ ಬಹಳ ಹೊತ್ತು ನಕ್ಕರು. ಅವನು ನಗುವುದೂ ಈಗ ಕೇಳಿಸುತ್ತಿತ್ತು.

"ಮೊದಲ ಹಾಡು ಸುಳ್ಯದಲ್ಲಿ" ಎಂದ. "ತ್ಯಾಂಪಣ್ಣ ಕರೆದಿದ್ದಾರೆ. ನೀನೂ ಬಾ. ಒಡೆಯದ್ದು, ಇಡೀ ಇರುವುದು. ನಿನ್ಗೇ ಅದು."

ಸುಳ್ಯದ ಬಸ್ ನಿಲ್ದಾಣದ ಎದುರು ತ್ಯಾಂಪಣ್ಣರಿಗೆ ಒಂದು ಕಟ್ಟಡವಿತ್ತು. ಕೆಳಗೆ ಪೈಪಿನ ಅಂಗಡಿ, ಮೇಲೆ ಚಾಪೆ ಹಾಸಿದ ಸಭಾಂಗಣ. ಸಂಜೆಯ ಬೆಳಕು ಇನ್ನೂ ಕಿಟಕಿಯಲ್ಲಿತ್ತು, ಮಡಿಕೇರಿ ಬಸ್ಸುಗಳು ಘಾಟಿ ಏರುವ ಮೊದಲು ಹಾರ್ನ್ ಹಾಕುತ್ತಿದ್ದವು. ಕೇಳಲು ಬಂದವರೆಲ್ಲ ಗುರುತಿನ ಮುಖಗಳೇ. ತಿಳಿ ನೀಲಿ ಸೀರೆಯುಟ್ಟಿದ್ದ ಮೈಮೂನಾ ಹಿಂದೆ, ಮೆಟ್ಟಿಲ ಬಾಗಿಲ ಪಕ್ಕ, ಹೆಂಗಸರ ಜೊತೆ ಕೂತಳು. ಗಂಡ ಹಾಡುವಲ್ಲಿಗೆ ಅವಳು ಬಂದದ್ದು ಇದೇ ಮೊದಲು. ಚಪ್ಪಲಿಯನ್ನು ಎಲ್ಲಿ ಬಿಡುವುದೆಂದು ಕೂಡ ಎರಡು ಸಲ ಕೇಳಿದಳು.

ಮಮ್ಮು ತ್ಯಾಂಪಣ್ಣರ ಹೊಸ ಗಝಲನ್ನೇ ಎತ್ತಿಕೊಂಡ.

ಹೊಳೆ ದಾಟಿ ಹೋದವರ ಹೆಜ್ಜೆ ಮರಳಲ್ಲಿ ಉಳಿಯಲಿ ಇನ್ನೂ ಸ್ವಲ್ಪ ಹೊತ್ತು,
ದೋಣಿ ಕಟ್ಟಬೇಡ ಅಂಬಿಗ, ನೀರು ಮಾತಾಡಲಿ ಇನ್ನೂ ಸ್ವಲ್ಪ ಹೊತ್ತು.

ಏರುವ ಜಾಗ ಬಂತು. ಜನರ ಕೈಗಳು ತೊಡೆಯಿಂದ ಒಂದು ಗೇಣು ಮೇಲೆದ್ದವು. ಮಮ್ಮುವಿನ ಸ್ವರ ಆ ಹಲಗೆಯಿಲ್ಲದ ಜಾಗಕ್ಕೆ ಕಾಲಿಟ್ಟಿತು. ಅಲ್ಲಿ ಹಲಗೆ ಇತ್ತು. ದಾಟಿತು. ಆಚೆ ಹೋಗಿ ತಿರುಗಿ ನೋಡುವಷ್ಟು ಸುಲಭವಾಗಿ ದಾಟಿತು.

ಎದ್ದ ಕೈಗಳು ಗಾಳಿಯಲ್ಲೇ ಸ್ವಲ್ಪ ಹೊತ್ತು ಇದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮಡಿಲಿಗಿಳಿದವು. ಯಾರೋ ಕೆಮ್ಮಿದರು. "ಚೆಂದ ಉಂಟು" ಎಂದರು ಇನ್ನೊಬ್ಬರು, ಮದುವೆಮನೆಯಲ್ಲಿ ಪಾಯಸಕ್ಕೆ ಹೇಳುವ ಹಾಗೆ. ಹಿಂದಿನ ಸಾಲಿನಲ್ಲಿ ಫೋನೊಂದು ಬೆಳಗಿತು. ಮೈಮೂನಾಳ ಮುಖ ನೋಡಲು ಮಮ್ಮು ಕತ್ತೆತ್ತಿದ. ಅವಳು ಕಣ್ಣು ಮುಚ್ಚಿ ಕೂತಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ಅಷ್ಟು ಸಾಕಿತ್ತು. ಅಷ್ಟು ಸಾಕು ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೂ ಮೊಣಕಾಲು ಕುಣಿಯತೊಡಗಿತು.

ತಬಲಾದವನು ಸುತ್ತಿಗೆಯಿಂದ ಶ್ರುತಿ ಸರಿಮಾಡುವ ನಡುವೆ ತ್ಯಾಂಪಣ್ಣ ಬಾಗಿ ಅವನ ಕಿವಿಯ ಹತ್ತಿರ ಬಂದರು. "ಮಮ್ಮು, ಸ್ವರ ಫಸ್ಟ್ ಕ್ಲಾಸ್ ಉಂಟು. ಆದ್ರೆ ಎಂತದೋ ಸಪ್ಪೆ ಮಾರಾಯ. ಒಮ್ಮೆ ಒಡಿ."

"ಅದು ಹೋಯ್ತಲ್ಲ ತ್ಯಾಂಪಣ್ಣ. ಕೊಯ್ದು ತೆಗೆದದ್ದು."

"ಬೇಕಂತಲೇ ಒಡಿ. ನಿನ್ಗೆ ಬಾರದ್ದಾ ಅದು? ಉಪ್ಪಿನಂಗಡಿಯ ಆ ಜಾಸಿರಿಗೆ ಬರ್ತದಂತೆ! ಜನ ಅದಕ್ಕೇ ಬಂದದ್ದು ನೋಡು."

ಮಮ್ಮು ಹಾರ್ಮೋನಿಯಂನ ಮೇಲೆ ಕೈ ಇಟ್ಟ. ಮುಂದಿನ ಮೊದಲ ಸಾಲು ಹಿಡಿದ.

ಕೊಡೆ ಮರೆತು ಬಂದವನಂತೆ ನಿಂತಿದ್ದೇನೆ ನಿನ್ನ ಬಾಗಿಲಲ್ಲಿ...

ಒಮ್ಮೆ ಹೇಳಿದ. ತಿರುಗಿ ಹೇಳಿದ. ಜನ ಚಾಪೆ ಸರಿಮಾಡಿಕೊಳ್ಳುತ್ತಿದ್ದರು, ಹೊರಗೆ ಬಸ್ಸು ಹಾರ್ನ್ ಹಾಕುತ್ತಿತ್ತು. ಯಾರೂ ಎದ್ದು ಅವನ ಹತ್ತಿರ ನಡೆದು ಬರುತ್ತಿರಲಿಲ್ಲ. ನಿಲ್ಲಬೇಕಿತ್ತು. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ಬರುತ್ತಿದ್ದರೋ ಏನೋ. ಮೂರನೆಯ ಸಲ ಏರುವಾಗ ಅವನು ಎಡಕ್ಕೆ ಕತ್ತು ವಾಲಿಸಿದ. ಗಂಟಲನ್ನು ಬಿಗಿ ಹಿಡಿದ. ಒಮ್ಮೆಲೇ ಬಿಟ್ಟ.

"ಒಡೆಯಿತು!"

ಇಡೀ ಸಭೆ ಒಂದೇ ಸಲಕ್ಕೆ ತೊಡೆ ತಟ್ಟಿತು. "ಒಡೆಯಿತು ಮಾರಾಯ! ಮಮ್ಮು ಬಂದ!" ತ್ಯಾಂಪಣ್ಣ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಗಂಟಲಿನಲ್ಲಿ, ಹೊಲಿಗೆ ಬಿಚ್ಚಿದಂಥ ಒಂದು ಚುರುಕು ಹೊತ್ತಿಕೊಂಡು ಆರಿತು. ಮಮ್ಮು ಬಾಗಿಲ ಕಡೆ ನೋಡಿದ.

ಮೈಮೂನಾಳ ಕಣ್ಣು ತೆರೆದಿತ್ತು. ಅವಳು ಸಿಟ್ಟು ಮಾಡಲಿಲ್ಲ. ಚಾ ತಣ್ಣಗಾಗಿದೆ ಎಂದು ಗೊತ್ತಾದವರಂತೆ ಒಮ್ಮೆ ಅವನನ್ನು ನೋಡಿ, ಪಕ್ಕದ ಹೆಂಗಸಿಗೆ ಏನೋ ಹೇಳಿ, ಸೆರಗು ಸರಿಮಾಡಿಕೊಂಡು ಎದ್ದಳು. ಮೆಟ್ಟಿಲಿನಲ್ಲಿ ಅವಳ ಚಪ್ಪಲಿಯ ಸದ್ದು ಒಂದೊಂದಾಗಿ ಇಳಿಯಿತು. ಜನ ಇನ್ನೂ ತೊಡೆ ತಟ್ಟುತ್ತಲೇ ಇದ್ದರು. ತಬಲಾದವನು ಅವನ ಎರಡನೇ ಸಾಲಿಗಾಗಿ ಅದೇ ಆವರ್ತವನ್ನು ಸುತ್ತುತ್ತಿದ್ದ.

ಮಮ್ಮು ಹಾರ್ಮೋನಿಯಂ ಮುಚ್ಚಿದ. ಎದ್ದ. ಚಾಪೆಗಳ ನಡುವೆ, ಮಡಚಿದ ಮೊಣಕಾಲುಗಳನ್ನು ದಾಟಿ ದಾಟಿ ಬಾಗಿಲಿಗೆ ಬಂದ. ಚಪ್ಪಲಿಯ ರಾಶಿಯಲ್ಲಿ ಅವನದು ಸಿಕ್ಕಿತು. ಒಂದನ್ನು ಮೆಟ್ಟಿ, ಇನ್ನೊಂದನ್ನು ಕೈಗೆತ್ತಿಕೊಂಡ.

"ಎಲ್ಲಿಗೆ ಮಾರಾಯ?" ತ್ಯಾಂಪಣ್ಣ ಹಿಂದಿನಿಂದ ಕೂಗಿದರು. "ಎರಡನೇ ಸಾಲು ಉಂಟಲ್ಲ! ಎಲ್ಲ ಕಾಯ್ತಾ ಇದ್ದಾರೆ!"

"ಉಂಟು ತ್ಯಾಂಪಣ್ಣ, ಬಾಯಲ್ಲೇ ಉಂಟು, ಅದು ಎಲ್ಲಿಗೂ ಹೋಗುದಿಲ್ಲ, ನಾನು ಒಮ್ಮೆ ಅವಳಿಗೆ..." ಎನ್ನುತ್ತಲೇ ಅವನು ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಮೆಟ್ಟಿಲಿಳಿದು, ಪೈಪಿನ ಅಂಗಡಿಯ ಮುಂದಿನಿಂದ ಮಡಿಕೇರಿ ಬಸ್ಸಿನ ಹಾರ್ನಿಗೆ ಅಡ್ಡವಾಗಿ, ಆಚೆ ಬದಿಯಲ್ಲಿ ಹೋಗುತ್ತಿದ್ದ ಆ ತಿಳಿ ನೀಲಿ ಸೆರಗಿನ ಹಿಂದೆ ಓಡಿದ.